ಮೂಟೆ ನಿಲ್ಲಿಸಿದ ಬಸ್ಸು

ಅಜ್ಜಂಪುರದ ಹೊರಗೆ, ತರೀಕೆರೆ ರಸ್ತೆಯ ಹೊಂಗೆ ಮರದ ಕೆಳಗೆ ಬಸ್ಸು ನಿಲ್ಲುವುದಕ್ಕೆ ಕಾರಣ ನನ್ನ ಒಂದು ಮೂಟೆ ತೆಂಗಿನ ಚಿಪ್ಪು. ಬೇರೆ ಯಾವ ಕಾರಣವೂ ಇಲ್ಲ. ಯಾವ ಎಂಜಿನಿಯರೂ ಅಲ್ಲಿ ನಿಂತು ಯೋಚನೆ ಮಾಡಲಿಲ್ಲ, ಯಾವ ಮೆಂಬರೂ ಅದಕ್ಕಾಗಿ ಓಡಾಡಲಿಲ್ಲ, ಯಾವ ಸ್ವಾಮಿಗಳೂ ಅಲ್ಲಿ ಪಾದ ಇಡಲಿಲ್ಲ. ನಾನು ಮೂಟೆ ಹೊರಲಾರದೆ ಬಿಟ್ಟು ಹೋದೆ, ಬಸ್ಸು ನಿಂತಿತು, ಊರು ಆ ಕಡೆಗೆ ಬೆಳೆಯಿತು. ನಡೆದದ್ದು ಇಷ್ಟೇ.

ನಮ್ಮ ಬೀದಿಯ ಇಬ್ಬರು ಹುಡುಗಿಯರು ಈಚೆಗೆ ಬಸ್ಸಿನ ಕೆಲಸಕ್ಕೆ ಸೇರಿದ್ದಾರೆ. ಒಬ್ಬಳು ಕಂಡಕ್ಟರ್, ಇನ್ನೊಬ್ಬಳು ಟಿಕೆಟ್ ಬುಕಿಂಗಿನಲ್ಲಿ. "ಅಜ್ಜಿ, ಈ ಕೆಲ್ಸ ಹೆಂಗಿರ್ತದೆ, ಸ್ವಲ್ಪ ಹೇಳಜ್ಜಿ" ಎಂದು ಬಂದು ಕೂತರು. ಹೇಳಲು ಶುರು ಮಾಡಿದರೆ ಇಬ್ಬರೂ ಫೋನು ನೋಡುತ್ತಾರೆ. ಅದಕ್ಕೇ ಬರೆದಿಟ್ಟೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪುಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ಅವಳು ತಿದ್ದಿದ್ದರಲ್ಲಿ ಕೆಲವನ್ನು ನಾನು ಮತ್ತೆ ತಿದ್ದಿದ್ದೇನೆ.

ನನ್ನ ಕೆಲಸಕ್ಕೆ ಏಜೆಂಟ್ ಎಂದು ಹೆಸರು. ಹೆಸರು ಕೇಳಿ ದೊಡ್ಡ ಕೆಲಸ ಅಂದುಕೊಳ್ಳಬೇಡಿ. ಪ್ರೈವೇಟ್ ಬಸ್ಸಿನ ಮುಂದೆ ನಿಂತು ಊರಿನ ಹೆಸರು ಕೂಗಿ ಜನ ತುಂಬಿಸುವುದು. ಕೆಲಸ ಸಿಕ್ಕಿದ್ದು ಗಂಡನ ಗಂಟಲು ಹೋದದ್ದರಿಂದ. ಅವರು ತರೀಕೆರೆ ಸ್ಟ್ಯಾಂಡಿನಲ್ಲಿ ಏಜೆಂಟ್ ಆಗಿದ್ದರು. ಒಂದು ದಿನ ಬುತ್ತಿ ತೆಗೆದುಕೊಂಡು ಹೋದರೆ, ಬಾಯಿ ತೆರೆಯುತ್ತಿದ್ದಾರೆ, ಶಬ್ದವೇ ಬರುತ್ತಿಲ್ಲ. ಬಸ್ಸು ಖಾಲಿ ನಿಂತಿದೆ. ಡ್ರೈವರ್ ಹಣೆ ಚಚ್ಚಿಕೊಳ್ಳುತ್ತಿದ್ದಾನೆ. ನಾನು ಬುತ್ತಿ ಕೆಳಗಿಟ್ಟು, "ಬೀರೂರ್ ಕಡೂರ್, ಬೀರೂರ್ ಕಡೂರ್!" ಎಂದು ಕೂಗಿದೆ. ಬೇರೆ ಬಸ್ಸಿನಲ್ಲಿ ಕೂತಿದ್ದವರೂ ಹೆದರಿ ಇಳಿದು ನಮ್ಮ ಬಸ್ಸಿಗೆ ಹತ್ತಿದರು.

ಮ್ಯಾನೇಜರ್ ಪರಮೇಶಣ್ಣ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದವರು ಕೈ ತೊಳೆಯದೆ ಎದ್ದು ಬಂದರು.

"ಯಾರಮ್ಮ ಕೂಗಿದ್ದು?"

"ನಾನೇ ಕಣ್ರೀ."

"ಮನೇಲೂ ಹಿಂಗೇ ಕೂಗ್ತೀಯಾ?"

"ಹೂಂ."

ಅವರು ನನ್ನ ಗಂಡನ ಕಡೆ ಒಂದು ಸಾರಿ ಕನಿಕರದಿಂದ ನೋಡಿದರು. "ನಾಳೆಯಿಂದ ಇವ್ಳೇ ಬರ್ಲಿ. ನೀನು ಮನೇಲಿ ಅಡುಗೆ ನೋಡ್ಕೊ" ಎಂದರು. ಗಂಡನಿಗೆ ಗಂಟಲು ಆಮೇಲೆ ಸರಿಹೋಯಿತು. ಆದರೆ ಅಡುಗೆ ಚೆನ್ನಾಗಿ ಮಾಡುತ್ತಿದ್ದರು. ನಾನು ಆ ವಿಷಯ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಕೆಲಸಕ್ಕೆ ಹೊಸದಾಗಿ ಬರುವವರು ತಿಳಿಯಬೇಕಾದ್ದು ಏನೆಂದರೆ, ಖಾಲಿ ಬಸ್ಸಿಗೆ ಯಾರೂ ಹತ್ತುವುದಿಲ್ಲ. ಮನುಷ್ಯರಿಗೆ ಮನುಷ್ಯರು ಕೂತಿರುವ ಬಸ್ಸೇ ಬೇಕು, ಆಮೇಲೆ ಸೀಟು ಸಿಗಲಿಲ್ಲ ಎಂದು ಜಗಳವೂ ಬೇಕು. ಆದ್ದರಿಂದ ಮೊದಲು ಬಂದವರನ್ನು ಸ್ಟ್ಯಾಂಡಿನ ಕಡೆಯ ಕಿಟಕಿಗಳಲ್ಲಿ ಸಾಲಾಗಿ ಕೂರಿಸುತ್ತಿದ್ದೆ. ಹೊರಗಿನಿಂದ ನೋಡಿದರೆ ಬಸ್ಸು ತುಂಬಿದ ಹಾಗೆ, ಒಳಗೆ ಆಚೆ ಪಕ್ಕವೆಲ್ಲ ಖಾಲಿ. ಯಾರೂ ಸಿಗದಿದ್ದರೆ ನಾನೇ ಕೂರುತ್ತಿದ್ದೆ, ಒಂದು ಕಿಟಕಿಯಲ್ಲಿ ತಲೆಗೆ ಸೆರಗು ಹೊದ್ದು, ಇನ್ನೊಂದರಲ್ಲಿ ಹೊದೆಯದೆ.

ಎರಡನೆಯದು, "ಈಗ ಹೊರಡ್ತದೆ" ಎನ್ನುವ ಮಾತು. ಇದನ್ನು ಹೇಳಲು ಬಸ್ಸು ಹೊರಡಬೇಕಾಗಿಲ್ಲ. ಡ್ರೈವರ್ ಎಂಜಿನ್ ಗುರ್ ಅನ್ನಿಸಿ ಒಂದು ಮೊಳ ಮುಂದೆ ಬಿಡುತ್ತಾನೆ, ಹೊರಗೆ ನಿಂತವರು ಓಡಿ ಬಂದು ಹತ್ತುತ್ತಾರೆ. ಆಮೇಲೆ ಒಂದು ಮೊಳ ಹಿಂದೆ ಬಿಡುತ್ತಾನೆ. ಹೀಗೆ ಅರ್ಧ ಗಂಟೆ. ಒಬ್ಬ ಮುದುಕ ಒಂದು ದಿನ ನನ್ನನ್ನು ಕರೆದು, "ಅಲ್ಲ ಕಣಮ್ಮ, ಈ ಮುಂದ್ಕೂ ಹಿಂದ್ಕೂ ಹೋಗಿದ್ದೆಲ್ಲ ಒಂದೇ ದಿಕ್ಕಿಗ್ ಹೋಗಿದ್ರೆ ಇಷ್ಟೊತ್ಗೆ ಬೀರೂರು ಮುಟ್ತಿದ್ವಿ" ಎಂದ. ಲೆಕ್ಕ ಸರಿಯಾಗಿತ್ತು. "ಈಗ ಹೊರಡ್ತದೆ ಕೂತ್ಕಳಪ್ಪ" ಎಂದೆ.

ಪರಮೇಶಣ್ಣ ಒಳ್ಳೆಯ ಮನುಷ್ಯ, ಆದರೆ ಗಡಿಯಾರದ ಹುಚ್ಚು. ಪ್ರೈವೇಟ್ ಬಸ್ಸಿನಲ್ಲಿ ಟೈಮಿಂಗ್ ಎಂದರೆ ಜೀವ. ನಮ್ಮ ಬಸ್ಸಿನ ಹಿಂದೆ ಇನ್ನೊಬ್ಬರ ಬಸ್ಸು ಐದು ನಿಮಿಷಕ್ಕೆ ಇರುತ್ತದೆ. ನಾವು ಎರಡು ನಿಮಿಷ ತಡ ಮಾಡಿದರೆ ಅವರ ಜನ ನಮಗೆ. ಹಾಗಾಗಿ ದಿನವೂ ಜಗಳ. ಪರಮೇಶಣ್ಣ ಕುತ್ತಿಗೆಗೆ ಅಲಾರಂ ಗಡಿಯಾರವನ್ನು ದಾರದಲ್ಲಿ ಕಟ್ಟಿ ನೇತುಹಾಕಿಕೊಂಡು ಓಡಾಡುತ್ತಿದ್ದರು. ಅವರ ಎದುರಾಳಿಯ ಕೈಯಲ್ಲಿ ವಾಚು. ಎರಡಕ್ಕೂ ಮೂರು ನಿಮಿಷ ವ್ಯತ್ಯಾಸ. ಒಂದು ದಿನ ಯಾವುದು ಸರಿ ಎಂದು ಎದೆಗೆ ಎದೆ ತಾಗಿಸಿ ನಿಂತರು. ಗಡಿಯಾರದ ಅಲಾರಂ ಆಗಲೇ ಹೊಡೆದುಕೊಂಡಿತು, ಇಬ್ಬರೂ ಹಾರಿ ಬಿದ್ದರು.

ಕೊನೆಗೆ ನಾನೇ ಪಂಚಾಯ್ತಿ ಮಾಡಿದೆ. "ನಿಮ್ದೂ ಬ್ಯಾಡ, ಅವ್ರದೂ ಬ್ಯಾಡ. ರೈಲು ಸರ್ಕಾರದ್ದು. ರೈಲು ಕೂಗಿದಾಗ ಎಂಟೂವರೆ ಅಂತ ಇಟ್ಕೊಳಿ." ಇಬ್ಬರೂ ಒಪ್ಪಿದರು. ಮಾರನೆಯ ದಿನ ರೈಲು ಬರಲಿಲ್ಲ. ಎಲ್ಲೋ ನಿಂತಿತ್ತಂತೆ. ಎಂಟೂವರೆಯೇ ಆಗದ ಕಾರಣ ಎರಡು ಬಸ್ಸೂ ಹೊರಡಲಿಲ್ಲ. ಜನ ಇಳಿದು ತಿಂಡಿ ತಿಂದರು, ಕೆಲವರು ಮನೆಗೆ ಹೋಗಿ ಸ್ನಾನ ಮಾಡಿ ಬಂದರು. ಸ್ಕೂಲಿಗೆ ಹೋಗಬೇಕಾದ ಒಬ್ಬರು ಮೇಷ್ಟ್ರು, "ಸ್ವಾಮಿ, ನನ್ ವಾಚಲ್ಲಿ ಒಂಬತ್ತೂವರೆ ಆಗಿದೆ" ಎಂದರೆ, ಪರಮೇಶಣ್ಣ, "ಅದು ನಿಮ್ ಖಾಸಗಿ ಟೈಮು" ಎಂದರು. ರೈಲು ಕೂಗಿದ ಮೇಲೆ ಎರಡು ಬಸ್ಸೂ ಒಟ್ಟಿಗೆ ಹೊರಟು ಸ್ಟ್ಯಾಂಡಿನ ಗೇಟಿನಲ್ಲಿ ಸಿಕ್ಕಿಕೊಂಡವು. ಪಂಚಾಯ್ತಿ ಮಾಡಿದ್ದು ಅದೇ ಕೊನೆ.

ನನ್ನ ತಪ್ಪುಗಳನ್ನೂ ಹೇಳುತ್ತೇನೆ. ಬೋರ್ಡು ಓದುವುದು ನನಗೆ ನಿಧಾನ. ಒಂದೊಂದೇ ಅಕ್ಷರ ಕೂಡಿಸುವ ಹೊತ್ತಿಗೆ ಬಸ್ಸು ಹೋಗಿರುತ್ತದೆ. ಹಾಗಾಗಿ ಹಾರನ್ನಿನ ಮೇಲೆ ಗುರುತು ಇಟ್ಟುಕೊಂಡಿದ್ದೆ. ಎಮ್ಮೆ ಕೂಗಿದ ಹಾಗೆ ಕೂಗಿದರೆ ಅಜ್ಜಂಪುರದ್ದು, ಪೀಪಿ ಊದಿದ ಹಾಗಾದರೆ ಲಕ್ಕವಳ್ಳಿಯದು. ಒಂದು ದಿನ ಅಜ್ಜಂಪುರದ ಬಸ್ಸು ರಿಪೇರಿಗೆ ಹೋಗಿತ್ತು. ಒಳ್ಳೆಯ ಹಾರನ್ನು ಸುಮ್ಮನೆ ಯಾಕೆ ಬಿದ್ದಿರಬೇಕು ಎಂದು ಮೆಕ್ಯಾನಿಕ್ ಅದನ್ನು ಬಿಚ್ಚಿ ಲಕ್ಕವಳ್ಳಿ ಬಸ್ಸಿಗೆ ಹಾಕಿದ್ದ. ನನಗೆ ಯಾರೂ ಹೇಳಲಿಲ್ಲ.

ಎಮ್ಮೆ ಕೂಗಿತು. ಅಜ್ಜಂಪುರಕ್ಕೆ ಹೆಣ್ಣು ನೋಡಲು ಹೊರಟಿದ್ದ ಒಂದು ದೊಡ್ಡ ಕುಟುಂಬವನ್ನು ನಾನು ಕೈ ಹಿಡಿದು ಹತ್ತಿಸಿದೆ. ಜೋರು ಮಳೆ, ಕಿಟಕಿಗೆಲ್ಲ ಟಾರ್ಪಾಲು ಇಳಿಬಿಟ್ಟಿದ್ದರು. ಹೊರಗೆ ಏನೂ ಕಾಣದು. ಕಂಡಕ್ಟರ್ ಟಿಕೆಟ್ ಕೇಳಿದರೆ ಎಲ್ಲರೂ, "ಯಜಮಾನ್ರ ಹತ್ರ" ಎಂದರು. ಯಜಮಾನರು ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಮೀಸೆ ದೊಡ್ಡದು. ಎಬ್ಬಿಸಲು ಕಂಡಕ್ಟರಿಗೆ ಧೈರ್ಯ ಬರಲಿಲ್ಲ. ಅವರು ಎದ್ದದ್ದು ಲಕ್ಕವಳ್ಳಿಯಲ್ಲಿ, ಡ್ಯಾಮಿನ ಹತ್ತಿರ.

ಎದ್ದವರು ಬೈದರೇ? ಇಲ್ಲ. ಬಂದದ್ದು ಬಂದೆವು ಎಂದು ಡ್ಯಾಮು ನೋಡಿದರು. ಮಳೆಗೆ ನಿಲ್ಲಲು ಕಾಲೋನಿಯ ಒಂದು ಮನೆಯ ಜಗಲಿ ಹತ್ತಿದರು. ಆ ಮನೆಯಲ್ಲೂ ಮದುವೆ ವಯಸ್ಸಿಗೆ ಬಂದ ಹುಡುಗಿ. ಕಾಫಿ ತಂದುಕೊಟ್ಟಳು. ಹುಡುಗ ಒಪ್ಪಿಬಿಟ್ಟ.

ಮಾರನೆಯ ದಿನ ಅಜ್ಜಂಪುರದ ಹೆಣ್ಣಿನ ಕಡೆಯವರು ದೊಡ್ಡ ಪಾತ್ರೆ ಹೊತ್ತುಕೊಂಡು ನನ್ನನ್ನು ಹುಡುಕಿ ಬಂದರು. "ನಮ್ ಸಂಬಂಧ ಕೆಡಿಸ್ದೋಳು ನೀನೇನಾ? ಇಷ್ಟು ಕೇಸರಿಬಾತು ಮಾಡಿಟ್ಟಿದ್ವಿ. ಇದನ್ನ ಈಗ ಯಾರು ತಿಂತಾರೆ?"

ಡ್ರೈವರು, ಕಂಡಕ್ಟರು, ಕ್ಲೀನರು ಎಲ್ಲರೂ ನನ್ನ ಹಿಂದೆ ಬಂದು ನಿಂತರು. ನನ್ನನ್ನು ಕಾಪಾಡಲು ಎಂದುಕೊಂಡೆ. ಅಲ್ಲ, ಪಾತ್ರೆಯನ್ನು ನೋಡುತ್ತಿದ್ದರು. "ಬುಡಿ, ನಾವೇ ತಿಂತೀವಿ" ಎಂದೆ. ಪಾತ್ರೆ ತೊಳೆದು ವಾಪಸು ಕಳಿಸಿದೆವು. ಅಲ್ಲಿಗೆ ಪರಮೇಶಣ್ಣ ನನ್ನನ್ನು ತರೀಕೆರೆಯಿಂದ ಎತ್ತಿ ಅಜ್ಜಂಪುರಕ್ಕೆ ಹಾಕಿದರು. "ಆ ಸ್ಟ್ಯಾಂಡಿಗೆ ಒಂದೇ ಕಡೆ ಬಸ್ಸು. ಅಲ್ಲಿ ನೀನು ತಪ್ ಮಾಡಾಕೇ ಆಗಲ್ಲ" ಎಂದರು. ನೋಡೋಣ ಎಂದುಕೊಂಡೆ.

ಈಗ ಮೂಟೆ. ಅದಕ್ಕೆ ಮೊದಲು ಒಂದು ವಿಷಯ ಗೊತ್ತಿರಬೇಕು. ಈ ಸೀಮೆಯಲ್ಲಿ ಬಸ್ಸು ಮನುಷ್ಯನಿಗಾಗಿ ನಿಲ್ಲದಿರಬಹುದು, ಲಗೇಜಿಗಾಗಿ ನಿಂತೇ ನಿಲ್ಲುತ್ತದೆ. ಲಗೇಜಿನಲ್ಲಿ ಬಂದದ್ದು ಡ್ರೈವರ್, ಕಂಡಕ್ಟರ್, ಕ್ಲೀನರ್ ಮೂವರ ಊಟಕ್ಕೆ. ಟಿಕೆಟಿನದು ಓನರಿಗೆ. ಆದ್ದರಿಂದ ರಸ್ತೆಯ ಪಕ್ಕ ಮನುಷ್ಯ ಕೈ ಅಡ್ಡ ಹಿಡಿದರೆ ಡ್ರೈವರಿಗೆ ಕಣ್ಣು ಕಾಣದು. ಕೊಬ್ಬರಿ ಚೀಲ, ಅಡಿಕೆ ಮೂಟೆ, ಕೋಳಿ ಬುಟ್ಟಿ ಕಂಡರೆ ಎರಡು ಫರ್ಲಾಂಗಿನಿಂದಲೇ ಬ್ರೇಕು. ರೈತರಿಗೂ ಇದು ಗೊತ್ತು. ಮೂಟೆಯನ್ನು ರಸ್ತೆಗೆ ತಂದಿಟ್ಟು ಅವರು ತೋಟದ ಕೆಲಸ ನೋಡುತ್ತಿರುತ್ತಾರೆ. ಬಸ್ಸು ಬಂದು ನಿಂತು ಹಾರನ್ ಹೊಡೆದರೆ ಕೈ ತೊಳೆದುಕೊಂಡು ಬರುತ್ತಾರೆ. ಅಲ್ಲಿಯವರೆಗೆ ಬಸ್ಸಿನ ಜನವೆಲ್ಲ ಕಾಯಬೇಕು. ಮೂಟೆಗೆ ಇರುವ ಮರ್ಯಾದೆ ಅಂಥದ್ದು.

ನನ್ನ ತಂಗಿಯನ್ನು ಕೊಟ್ಟಿದ್ದು ಆ ರಸ್ತೆಯ ಒಂದು ಹಳ್ಳಿಗೆ. ಸೌದೆಗೆ ಆಗುತ್ತದೆ ಎಂದು ಒಂದು ಮೂಟೆ ತೆಂಗಿನ ಚಿಪ್ಪು ಕೊಟ್ಟಳು. ಲಗೇಜ್ ಆಟೋದಲ್ಲಿ ಹಾಕಿಕೊಂಡು ಬಂದೆ. ಊರು ಇನ್ನೂ ದೂರ ಇರುವಾಗಲೇ ಆಟೋ ಕೆಟ್ಟಿತು. ಆಗ ಅಲ್ಲಿ ಏನೂ ಇರಲಿಲ್ಲ. ಎರಡೂ ಕಡೆ ರಾಗಿ ಹೊಲ, ನಡುವೆ ಆ ಹೊಂಗೆ ಮರ. ಮೂಟೆಯನ್ನು ಮರದ ಬುಡಕ್ಕೆ ಉರುಳಿಸಿ, ಯಾರನ್ನಾದರೂ ಕಳಿಸೋಣವೆಂದು ನಡೆದು ಊರಿಗೆ ಬಂದೆ. ಮನೆ ಸೇರಿದರೆ ಪಂಚನಹಳ್ಳಿಯಿಂದ ಸುದ್ದಿ ಬಂದಿತ್ತು, ಅತ್ತೆಯ ಅಕ್ಕ ತೀರಿಹೋದರು ಎಂದು. ಅಲ್ಲಿಗೆ ಹೋದೆ. ಕಾರ್ಯ ಮುಗಿಸಿಕೊಂಡೇ ಬಂದದ್ದು. ಮೂಟೆ ಮರೆತೇಹೋಯಿತು.

ಅಷ್ಟು ದಿನವೂ ಎಲ್ಲ ಬಸ್ಸೂ ಆ ಮೂಟೆಗೆ ನಿಂತಿವೆ. ಹಾರನ್ ಹೊಡೆದಿವೆ. ಯಾರೂ ಬಂದಿಲ್ಲ. ನಮ್ಮ ಕಂಡಕ್ಟರ್ ಹಾಗೇ ಎತ್ತಿ ಹಾಕಿಕೊಳ್ಳೋಣ ಎಂದರೆ ದುಡ್ಡು ಕೊಡುವವರು ಯಾರು? ಬಿಟ್ಟು ಹೋಗೋಣ ಎಂದರೆ ಹಿಂದಿನ ಬಸ್ಸಿನವನಿಗೆ ಸಿಕ್ಕಿಬಿಡುತ್ತದೆ. ಹಾಗಾಗಿ ಇವನು ಐದು ನಿಮಿಷ ಕಾದ, ಅವನು ಹತ್ತು ನಿಮಿಷ ಕಾದ. ಸುತ್ತಲ ಹೊಲದವರು ನೋಡಿದರು. ಹೇಗಿದ್ದರೂ ಬಸ್ಸು ಇಲ್ಲಿ ನಿಲ್ಲುತ್ತದೆ, ಊರಿನವರೆಗೆ ಯಾಕೆ ನಡೆಯಬೇಕು ಎಂದು ಮೂಟೆಯ ಪಕ್ಕ ಬಂದು ನಿಂತರು.

ನಾನು ನೆನಪಾಗಿ ಹುಡುಕಿಕೊಂಡು ಹೋದಾಗ ಮರದ ಕೆಳಗೆ ಒಂದು ಗುಂಪೇ ಇತ್ತು. ನನ್ನ ಮೂಟೆಯ ಮೇಲೆ ಒಬ್ಬ ಗರ್ಭಿಣಿಯನ್ನು ಕೂರಿಸಿದ್ದರು.

"ಏಳವ್ವ, ಅದು ನಂದು."

"ನಿಂದಾ? ಇದು ಬಸ್ ಸ್ಟಾಪಿಂದು ಕಣಕ್ಕ" ಎಂದ ಪಕ್ಕದಲ್ಲಿದ್ದ ಗಂಡ.

ಮೂಟೆಯನ್ನು ತೆಗೆದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿ ಮುಗಿಸಿದೆ. ಬಸ್ಸುಗಳು ಮಾತ್ರ ಅಭ್ಯಾಸ ಬಿಡಲಿಲ್ಲ.

ಆಮೇಲೆ ಬಂದವಳು ಜುಬೇದಾ. ಸಾಬರ ಬೀದಿಯವಳು, ಗಂಡ ಇಲ್ಲ, ಒಬ್ಬಳು ಮಗಳು. ಜನ ಕಾಯುವ ಕಡೆ ಟೀ ಬೇಕಾಗುತ್ತದೆ ಎಂದು ಮರದ ಕೆಳಗೆ ಸ್ಟೋವು ಹೊತ್ತು ತಂದಳು. ಮೊದಲು ಸ್ಟೋವು, ಆಮೇಲೆ ಬೆಂಚು, ಆಮೇಲೆ ತಗಡಿನ ಪೆಟ್ಟಿಗೆ ಅಂಗಡಿ. ಟೀ ಕುಡಿಯುವವರು ಸೈಕಲ್ ನಿಲ್ಲಿಸಿದರು, ಪಂಕ್ಚರ್ ಅಂಗಡಿ ಬಂತು. ಹಿಟ್ಟಿನ ಗಿರಣಿ ಬಂತು. ಒಂದು ದಿನ ರಾಗಿ ಹೊಲದಲ್ಲಿ ಕಲ್ಲು ನೆಟ್ಟರು, ಬೋರ್ಡು ಹಾಕಿದರು. ನಾನು ಅಕ್ಷರ ಕೂಡಿಸಿ ಓದಿದೆ. ಬಸ್ ಸ್ಟಾಪಿಗೆ ಎರಡೇ ನಿಮಿಷದ ದಾರಿ, ಸೈಟುಗಳು ಲಭ್ಯ ಎಂದಿತ್ತು. ಸೈಟು ಮಾರುವವನು ಅದನ್ನು 'ಹಳೇ ಸ್ಟಾಪು' ಎಂದು ಜನರಿಗೆ ಹೇಳುತ್ತಿದ್ದ. ನನ್ನ ಚಿಪ್ಪಿನ ಬೂದಿ ಇನ್ನೂ ಒಲೆಯಲ್ಲಿತ್ತು.

ಊರು ಬೆಳೆಯುವುದು ಹೀಗೆ. ದೊಡ್ಡವರ ಕಾಲದಲ್ಲಿ ಕಡೂರಿನಲ್ಲಿ ರೈಲು ನಿಲ್ಲುವ ಕಡೆ ಮಂಡಿಗಳು ಬಂದವಂತೆ, ಮಂಡಿ ಇದ್ದ ಕಡೆ ಹೋಟೆಲು. ನಾನು ಕಂಡದ್ದು ಬಸ್ಸಿನ ಕಾಲ. ತರೀಕೆರೆ ಸ್ಟ್ಯಾಂಡಿನ ಸುತ್ತ ಅಂಗಡಿಗೆ ಒಂದು ಅಡಿ ಜಾಗ ಸಿಗುವುದಿಲ್ಲ, ಸ್ಟ್ಯಾಂಡಿನಿಂದ ನಾಲ್ಕು ಬೀದಿ ಆಚೆ ಹೋದರೆ ಅಂಗಡಿಯವನು ಮಧ್ಯಾಹ್ನ ನಿದ್ದೆ ಮಾಡುತ್ತಿರುತ್ತಾನೆ. ಆಮೇಲೆ ಟೆಂಪೋ ಬಂದವು, ಮನೆಗೊಂದು ಬೈಕು ಬಂತು. ಈಗ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ಜೀವಮಾನವೆಲ್ಲ ಪ್ರೈವೇಟ್ ಬಸ್ಸಿಗೆ ಕೂಗಿದವಳು ನಾನು, ಈಗ ಸರ್ಕಾರಿ ಬಸ್ಸಿನಲ್ಲೇ ಓಡಾಡುತ್ತೇನೆ. ನಾಚಿಕೆ ಏನೂ ಆಗುವುದಿಲ್ಲ. ಕಿಟಕಿಯಲ್ಲೇ ಕೂರುತ್ತೇನೆ.

ಕೆಲಸ ಬಿಟ್ಟ ಮೇಲೆ ನನ್ನ ಸಂಜೆಗಳೆಲ್ಲ ಜುಬೇದಾಳ ಬೆಂಚಿನ ಮೇಲೆ. ಅವಳಿಗೂ ವಯಸ್ಸಾಯಿತು, ಮಂಡಿ ನೋವು. ಮಗಳು ನರ್ಸಿಂಗ್ ಓದಿದ್ದು ಆ ಟೀಯಲ್ಲೇ.

ಅಜ್ಜಂಪುರ ತಾಲ್ಲೂಕಾದ ಮೇಲೆ ಊರಿಗೆ ಆಫೀಸುಗಳು ಬಂದವು, ಆಫೀಸಿನ ಹಿಂದೆ ನಕಾಶೆಗಳು ಬಂದವು. ಒಂದು ದಿನ ನಕಾಶೆ ಸುರುಳಿ ಹಿಡಿದುಕೊಂಡು ಪಟ್ಟಣ ಪಂಚಾಯ್ತಿಯ ಒಬ್ಬಳು ಮೇಡಂ ಹೊಂಗೆ ಮರದ ಕೆಳಗೆ ಇಳಿದಳು. ನನ್ನ ಮೊಮ್ಮಗಳ ವಯಸ್ಸು. ಈಗ ಅವಳಿಗೆ ವರ್ಗವಾಗಿದೆ, ಅದಕ್ಕೇ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಅವಳು ಹೇಳಿದ್ದು ಇಷ್ಟು. ನಕಾಶೆಯಲ್ಲಿ ಇಲ್ಲಿ ಸ್ಟಾಪು ಇಲ್ಲ. ನಕಾಶೆಯ ಸ್ಟಾಪು ಎರಡು ಫರ್ಲಾಂಗ್ ಮುಂದೆ, ಹೊಸದಾಗಿ ಕಟ್ಟಿದ ಮಳಿಗೆಗಳ ಎದುರು. ಬಸ್ಸುಗಳು ಇನ್ನು ಅಲ್ಲೇ ನಿಲ್ಲಬೇಕು.

ಜುಬೇದಾಳ ಕೈಯಲ್ಲಿ ಟೀ ಸೋಸುವ ಬಟ್ಟೆ ಹಾಗೇ ನಿಂತಿತು. ಆ ಮಳಿಗೆಗಳ ಹಂಚಿಕೆ ಯಾವಾಗಲೋ ಆಗಿಹೋಗಿತ್ತು. ಅದರಲ್ಲಿ ಅವಳ ಹೆಸರಿಲ್ಲ. ಬಸ್ಸು ಹೋದರೆ ಅವಳ ಅಂಗಡಿ ಹೋಯಿತು.

"ಮೇಡಂ, ಏನೂ ದಾರಿ ಇಲ್ವಾ?" ಎಂದಳು.

"ಒಂದಿದೆ ಅಮ್ಮ. ಮೊದಲಿಂದ್ಲೂ ರೂಢಿಯಲ್ಲಿ ಇಲ್ಲೇ ಸ್ಟಾಪಿತ್ತು ಅಂತ ಹಳಬರು ಯಾರಾದರೂ ಹೇಳಿಕೆ ಕೊಟ್ಟರೆ ಉಳಿಸಬಹುದು. ನಾಡಿದ್ದು ಬರ್ತೀನಿ. ಹೇಳೋರನ್ನ ಕರೆಸಿರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಬದುಕಿದ್ದವರಲ್ಲಿ ಹಳಬಳು ನಾನೇ. ಹೇಳಬೇಕಾದ್ದನ್ನು ಎರಡು ದಿನ ಜುಬೇದಾ ನನಗೆ ಕಲಿಸಿದಳು. "ಈರಕ್ಕ, ಜಾಸ್ತಿ ಮಾತಾಡ್ಬೇಡ. ಅಜ್ಜನ ಕಾಲ್ದಿಂದ್ಲೂ ಇಲ್ಲೇ ನಿಲ್ತದೆ ಅನ್ನು, ಬಾಯ್ ಮುಚ್ಚು."

"ಅಷ್ಟೇ ತಾನೆ, ಬಿಡು" ಎಂದೆ.

ಸಭೆಯ ದಿನ ಮರದ ಕೆಳಗೆ ಜಾಗವಿಲ್ಲದಷ್ಟು ಜನ. ಮೊದಲು ಎದ್ದವರು ಗಿರಣಿಯವರು. "ಮೇಡಂ, ಬಹಳ ಹಿಂದೆ ಒಬ್ಬರು ಸ್ವಾಮಿಗಳು ಈ ಮರದ ಕೆಳಗೆ ದಣಿವಾರಿಸಿಕೊಂಡ್ರು. ಅವ್ರು ಕೂತ ಜಾಗ ಅಂತ ಅವತ್ತಿಂದ ಬಸ್ಸು ನಿಲ್ಸೋದು." ಜನ ಕೈ ಮುಗಿದರು. ಮಾಜಿ ಮೆಂಬರ್ ಒಬ್ಬರು ಎದ್ದು, ಹಾಗಲ್ಲ, ಯಾರೋ ದೊರೆಯ ಕುದುರೆ ಇಲ್ಲಿ ಮುಂದೆ ಹೋಗದೆ ನಿಂತುಬಿಟ್ಟಿತು ಎಂದರು. ಸೈಟು ಮಾರಿದವನು ಎದ್ದು, ಸ್ವಾಮಿಗಳೂ ನಿಜ, ಕುದುರೆಯೂ ನಿಜ, ಸ್ವಾಮಿಗಳು ಕುದುರೆಯ ಮೇಲೇ ಬಂದದ್ದು ಎಂದು ಎರಡನ್ನೂ ಹೊಂದಿಸಿದ. ಮೇಡಂ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು.

ನನಗೆ ಒಳಗಿನಿಂದ ಉರಿಯಿತು. ಇಷ್ಟು ಮನೆ, ಇಷ್ಟು ಅಂಗಡಿ, ಒಂದು ಸ್ಕೂಲು. ಮಾಡಿದ್ದು ನಾನು, ಹೆಸರು ಕುದುರೆಗೆ. ಸತ್ಯ ಹೇಳಬೇಕು ಎಂದು ನಾನು ಎದ್ದದ್ದಲ್ಲ, ಆ ಗುಣ ನನಗಿಲ್ಲ. ಜಂಬ ತಡೆಯಲಾಗಲಿಲ್ಲ.

"ಯಾವ್ ಸ್ವಾಮಿ? ಯಾವ್ ಕುದ್ರೆ? ಅದು ನನ್ ಮೂಟೆ ಕಣ್ರೋ!" ಎಂದು ಕೂಗಿದೆ. ಗಂಟಲು ಹಾಗೇ ಇತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಬೈಕು ನಿಂತಿತು.

ಚಿಪ್ಪು, ಆಟೋ, ಪಂಚನಹಳ್ಳಿ, ಗರ್ಭಿಣಿ, ಎಲ್ಲ ಹೇಳಿದೆ. ಹೇಳುತ್ತಾ ಹೋದ ಹಾಗೆ ಜನ ನಕ್ಕರು, ನನಗೆ ಇನ್ನೂ ಹುರುಪು ಬಂತು. ಬೂದಿಯಲ್ಲಿ ಪಾತ್ರೆ ತಿಕ್ಕಿದ್ದನ್ನೂ ಹೇಳಿದೆ. ಮೇಡಂ ನಗುವನ್ನು ನಕಾಶೆಯಲ್ಲಿ ಮುಚ್ಚಿಕೊಂಡಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದಳು.

"ಅಜ್ಜಿ, ಹಾಗಾದ್ರೆ ಇದು ರೂಢಿ ಅಲ್ಲ. ಆಕಸ್ಮಿಕ. ನಾಳೆ ಸಂಜೆ ಒಳಗೆ ನಾನು ವರದಿ ಕಳಿಸ್ಬೇಕು. ಪ್ಲಾನಿನ ಪ್ರಕಾರವೇ ಬರೀತೀನಿ, ಬೇರೆ ದಾರಿ ಇಲ್ಲ."

ನಗು ನಿಂತಿತು. ಜನ ಒಬ್ಬೊಬ್ಬರೇ ಕರಗಿದರು. ಮಾಜಿ ಮೆಂಬರ್ ಹೋಗುವಾಗ, "ಒಳ್ಳೆ ಕುದ್ರೆ ಇತ್ತಲ್ಲಮ್ಮ" ಎಂದು ಹಲುಬಿ ಹೋದರು.

ಅಭ್ಯಾಸದಂತೆ ಬೆಂಚಿನ ಮೇಲೆ ಕೂತೆ. ಜುಬೇದಾ ಬೆನ್ನು ತಿರುಗಿಸಿ ಲೋಟ ತೊಳೆಯುತ್ತಿದ್ದಳು.

"ಒಂದ್ ಟೀ ಕೊಡೇ."

"ಟೀ ಖಾಲಿ." ಕೆಟಲಿನ ಮೂತಿಯಲ್ಲಿ ಹಬೆ ಆಡುತ್ತಿತ್ತು.

"ಕಾಣ್ತಾ ಐತಲ್ಲೇ."

ಅವಳು ತಿರುಗಿದಳು. "ನೋಡು ಈರಕ್ಕ. ಜನ್ಮ ಎಲ್ಲಾ ಸುಳ್ ಹೇಳ್ಕೊಂಡು ಅನ್ನ ತಿಂದೋಳು ನೀನು. ಖಾಲಿ ಬಸ್ಸು ತುಂಬೋಯ್ತು ಅಂದೆ. ಅರ್ಧ ಗಂಟೆ ಐತೆ ಅನ್ವಾಗ ಈಗ ಹೊರಡ್ತದೆ ಅಂದೆ. ನಾನೇನ್ ಕೇಳ್ದೆ? ಒಂದೇ ಒಂದು ಸುಳ್ಳು. ಅದೂ ನಾನೇ ಕಲ್ಸಿಕೊಟ್ಟಿದ್ದು. ಇವತ್ತೇ ನಿಂಗೆ ಸತ್ಯ ಬರ್ಬೇಕಿತ್ತಾ?"

ತೊಳೆದಿಟ್ಟ ಒಂದು ಲೋಟ ಎತ್ತಿ ಅವಳ ಕಡೆ ಚಾಚಿದೆ.

"ಈ ಮಂಡಿ ಇಟ್ಕೊಂಡು ನಾನು ಇನ್ನೆಲ್ಲಿ ಸ್ಟೋವ್ ಹೊರ್ಲಿ, ಹೇಳು" ಎಂದು ಕೆಟಲನ್ನು ಚರಂಡಿಗೆ ಬಗ್ಗಿಸಿದಳು. ಪೂರ್ತಿ ಕೆಟಲು, ಬಿಸಿ ಟೀ. ನನಗೆ ಕೊಡದಿದ್ದರೆ ಹೋಗಲಿ, ಯಾರಿಗೂ ಕೊಡಲಿಲ್ಲ. ಅಂಗಡಿಯ ಬಾಗಿಲು ಎಳೆದು ಹೊರಟುಹೋದಳು. ನಾನು ಏಜೆಂಟ್ ಕೆಲಸದಲ್ಲಿ ಎಷ್ಟೋ ಬೈಗುಳ ತಿಂದಿದ್ದೇನೆ, ಮೈಗೆ ಹತ್ತಿಸಿಕೊಂಡಿಲ್ಲ. ಆ ಟೀ ಚರಂಡಿಯಲ್ಲಿ ಹೋದದ್ದು ಮಾತ್ರ ಮನೆಗೆ ಬಂದ ಮೇಲೂ ಕಣ್ಣ ಮುಂದೆ ಹರಿಯುತ್ತಲೇ ಇತ್ತು.

ಮಾರನೆಯ ಬೆಳಿಗ್ಗೆ ಮದುವೆಗೆ ಉಡುವ ಸೀರೆ ಉಟ್ಟು ಮೇಡಂ ಆಫೀಸಿಗೆ ಹೋದೆ. ಬಾಗಿಲು ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಅವಳು ಬಂದು ಕುರ್ಚಿ ಕೊಟ್ಟಳು.

"ಏನಜ್ಜಿ?"

"ನಿನ್ನೆ ಹೇಳಿದ್ದು ಸುಳ್ಳು ಕಣಮ್ಮ."

"ಯಾವ್ದು?"

"ಮೂಟೆ. ಅಂಥ ಮೂಟೆನೇ ಇರ್ಲಿಲ್ಲ."

ಅವಳು ನನ್ನ ಮುಖ ನೋಡಿದಳು. "ಅಷ್ಟು ಜನರ ಮುಂದೆ ಹೇಳಿದ್ರಿ. ಬೂದಿಯಲ್ಲಿ ಪಾತ್ರೆ ತಿಕ್ಕಿದ್ದೂ ಹೇಳಿದ್ರಿ."

"ವಯಸ್ಸಾಯ್ತು. ಜನ ಸೇರಿದ್ರೆ ಬಾಯಿಗ್ ಬಂದಂಗೆ ಕೂಗೋ ಅಭ್ಯಾಸ. ಕೆಲ್ಸ ಅಂಥದ್ದು ಮಾಡಿದ್ದು. ಯಾರನ್ ಬೇಕಾದ್ರೂ ಕೇಳು."

"ಹಾಗಾದ್ರೆ ನಿಜ ಏನಜ್ಜಿ?"

"ಬಸ್ಸು ಹುಟ್ಟೋಕ್ ಮುಂಚಿಂದ್ಲೂ ಅಲ್ಲೇ ಬಸ್ ನಿಲ್ತಿತ್ತು."

"ಬಸ್ಸು ಹುಟ್ಟೋಕ್ ಮುಂಚೆ ಬಸ್ಸು ಹೇಗಜ್ಜಿ ನಿಲ್ತಿತ್ತು?"

ಈ ಪ್ರಶ್ನೆ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ತಲೆ ಎತ್ತಿ ಫ್ಯಾನು ನೋಡಿದೆ. "ಎತ್ತಿನ ಗಾಡಿ ಅಂತ ಬರ್ಕೊ."

ಅವಳು ಬರೆದುಕೊಳ್ಳಲಿಲ್ಲ. ಪೆನ್ನು ಕೈಯಲ್ಲೇ ಇತ್ತು. "ಅಜ್ಜಿ, ನಿಜ ಹೇಳಿ. ಅಲ್ಲಿ ಟೀ ಮಾರ್ತಾರಲ್ಲ, ಅವ್ರು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ನಿನ್ನೆ ಸಾಯಂಕಾಲದಿಂದ ಟೀ ಕೊಡ್ತಿಲ್ಲ."

ಮೇಡಂ ಕಿಟಕಿಯ ಕಡೆ ತಿರುಗಿದಳು. ಭುಜ ಅಲುಗುತ್ತಿತ್ತು, ನಗುವೋ ಏನೋ ನನಗೆ ಕಾಣಲಿಲ್ಲ. ಆಮೇಲೆ ಬಿಳಿ ಹಾಳೆ ಎಳೆದುಕೊಂಡು ಬರೆಯತೊಡಗಿದಳು. "ನೀವು ಇದಕ್ಕೆ ಸಹಿ ಹಾಕಿದ್ರೆ ಸ್ಟಾಪು ಅಲ್ಲೇ ಇರುತ್ತೆ. ಓದ್ತೀನಿ ಕೇಳಿ." ಓದಿ ಹೇಳಿದಳು. ಮೂರು ತಲೆಮಾರಿನ ಗಾಡಿಗಳಿದ್ದವು, ರೂಢಿ ಎಂಬ ಮಾತು ಎರಡು ಸಾರಿ ಇತ್ತು, ತೆಂಗಿನ ಚಿಪ್ಪಿನ ಸುದ್ದಿಯೇ ಇರಲಿಲ್ಲ. ಕೇಳುತ್ತಾ ಕೂತ ನನಗೇ ನಂಬಿಕೆ ಬಂತು.

ಪೆನ್ನು ಕೊಟ್ಟಳು. ಮೇಜಿಗೆ ಮೊಣಕೈ ಊರಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದೆ. ನನ್ನ ಹೆಸರನ್ನು ಅಷ್ಟು ಅಂದವಾಗಿ ನಾನು ಅದಕ್ಕೆ ಮೊದಲು ಯಾವತ್ತೂ ಬರೆದಿರಲಿಲ್ಲ.